ಶ್ವಾನಶಕಟಮೀಮಾಂಸೆ

ಅಶ್ವಗಳ ಲಕ್ಷಣವನ್ನು ಹೇಳುವ ಶಾಸ್ತ್ರ ನಮ್ಮಲ್ಲುಂಟು. ಗಜಗಳ ಚಿಕಿತ್ಸೆಯನ್ನು ವಿವರಿಸುವ ಶಾಸ್ತ್ರವುಂಟು. ಅಡುಗೆಯ ವಿಧಾನವನ್ನು ಪದ್ಯದಲ್ಲಿ ಬರೆದಿಟ್ಟ ಕವಿಗಳೂ ಉಂಟು. ಆದರೆ ಎರಡು ನಾಯಿಗಳನ್ನು ಸಾಕಿಕೊಂಡು, ಭಾನುವಾರ ಬೆಳಗ್ಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕೆಂಬ ಮಿತವಾದ ಆಸೆಯನ್ನೂ, ಅದಕ್ಕಿಂತ ಮಿತವಾದ ಧನವನ್ನೂ ಉಳ್ಳ ಗೃಹಸ್ಥನು ಎಂತಹ ಹಳೆಯ ವ್ಯಾನನ್ನು ಕೊಳ್ಳತಕ್ಕದ್ದು ಎಂಬ ವಿಷಯದಲ್ಲಿ ಪೂರ್ವಾಚಾರ್ಯರೆಲ್ಲರೂ ಒಮ್ಮತದಿಂದ ಮೌನ ವಹಿಸಿರುವರು. ಆ ಲೋಪವನ್ನು ತುಂಬುವ ಭಾರವನ್ನು ಯಾರೂ ಕೇಳಿಕೊಳ್ಳದಿದ್ದರೂ ಪ್ರಸ್ತುತ ಗ್ರಂಥಕರ್ತನು ಹೊತ್ತಿರುವನು.

ಪ್ರಶ್ನೆಯು ಹೊಸದೆಂದು ಯಾರೂ ಭಾವಿಸಬಾರದು. ನಾಯಿಗೆ ವಾಹನದಲ್ಲಿ ಸ್ಥಳವನ್ನು ನಿರಾಕರಿಸಿದ ಪ್ರಕರಣವೊಂದು ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿಯೇ ದಾಖಲಾಗಿರುವುದು. ತಮ್ಮಂದಿರೂ ಮಡದಿಯೂ ದಾರಿಯಲ್ಲಿ ಬಿದ್ದುಹೋದ ಮೇಲೆ ನಾಯಿಯೊಡನೆ ಉಳಿದ ಧರ್ಮರಾಯನ ಮುಂದೆ ದೇವೇಂದ್ರನು ರಥವನ್ನು ತಂದು ನಿಲ್ಲಿಸಿ, ನೀನು ಹತ್ತಬಹುದು, ನಾಯಿ ಮಾತ್ರ ಬೇಡವೆಂದದ್ದೂ, ನಾಯಿಯಿಲ್ಲದ ಸ್ವರ್ಗ ತನಗೂ ಬೇಡವೆಂದು ಧರ್ಮರಾಯನು ನೆಲದ ಮೇಲೆಯೇ ನಿಂತದ್ದೂ ಲೋಕವಿದಿತ. ವ್ಯಾಖ್ಯಾನಕಾರರು ಇಲ್ಲಿ ಧರ್ಮಸೂಕ್ಷ್ಮವನ್ನು ಕಂಡರು. ನನಗಾದರೋ, ಇಂದ್ರನ ಹಿಂಜರಿಕೆಗೆ ಹೊಸ ರಥದ ಹಾಸುಗಂಬಳಿಯೇ ಕಾರಣವೆಂದು ತೋರುವುದು. ರಥವು ಸೆಕೆಂಡ್ ಹ್ಯಾಂಡ್ ಆಗಿದ್ದಿದ್ದರೆ ಒಂದು ಅಧ್ಯಾಯದಷ್ಟು ಚರ್ಚೆ ತಪ್ಪುತ್ತಿತ್ತು.

ಕನ್ನಡನಾಡಿನಲ್ಲಿಯಂತೂ ಶ್ವಾನಗೌರವಕ್ಕೆ ಶಿಲಾಪ್ರಮಾಣವೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು, ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನು ಮೆಚ್ಚಿದ ದೊರೆಯಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದುದನ್ನೂ, ಆ ಕಾಳಿಯು ಭಾರಿ ಹಂದಿಯೊಂದರ ಮೇಲೆ ಬಿದ್ದು ಕಾದಾಡಿ ಎರಡೂ ಒಟ್ಟಿಗೆ ಸತ್ತುದನ್ನೂ ಹೇಳುವುದು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯು ಬೇಟೆಯ ಕಾಡಿಗೆ ಯಾವ ವಾಹನದಲ್ಲಿ ಹೋಯಿತೆಂಬುದನ್ನು ಶಾಸನವು ಹೇಳುವುದಿಲ್ಲ; ಶಾಸನಜ್ಞರೂ ವಿಚಾರಿಸಿದಂತಿಲ್ಲ. ನಡೆದೇ ಹೋಗಿರಬೇಕು.

ಇನ್ನು ಶಕಟಲಕ್ಷಣ. ನಮ್ಮ ದೇಶದಲ್ಲಿ ಅಲ್ಪಧನರಿಗೆ ಒದಗತಕ್ಕ ವ್ಯಾನುಗಳ ಪೈಕಿ ಆದಿಪುರುಷನೆಂದರೆ 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಅವತರಿಸಿ, 1988ರಲ್ಲಿ ಓಮ್ನಿಯೆಂದು ಮರುನಾಮಕರಣಗೊಂಡು, ಶಾಲೆಯ ಮಕ್ಕಳನ್ನೂ ರೋಗಿಗಳನ್ನೂ ತರಕಾರಿಯ ಮೂಟೆಗಳನ್ನೂ, ಸಿನಿಮಾಗಳಲ್ಲಿ ಅಪಹೃತರಾದ ನಾಯಕಿಯರನ್ನೂ ಭೇದವೆಣಿಸದೆ ಹೊತ್ತು, 2019ರಲ್ಲಿ ತಯಾರಿಕೆಯಿಂದ ನಿವೃತ್ತವಾದ ಆ ಚೌಕಾಕಾರದ ಗಾಡಿ. ಅದರ 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ನು ಮುಂದಿನ ಆಸನಗಳ ಕೆಳಗೆ ಹುದುಗಿರುವುದರಿಂದ ವೈಶಾಖಮಾಸದಲ್ಲಿ ಚಾಲಕನಿಗೆ ಕಾವಲಿಯ ಮೇಲಿನ ದೋಸೆಯ ಮನೋಭಾವ ಅರ್ಥವಾಗುವುದು. ಮನುಷ್ಯನು ಇದನ್ನು ದೋಷವೆನ್ನುವನು. ನಾಯಿಯಾದರೋ ಹಿಂದೆ ಕುಳಿತಿರುವುದು.

ಈ ಶಾಸ್ತ್ರದ ಮರ್ಮವು ಇಲ್ಲಿಯೇ ಇದೆ: ಹಳೆಯ ಗಾಡಿಯ ಬೆಲೆಯನ್ನು ಇಳಿಸುವ ದೋಷಗಳಲ್ಲಿ ಬಹುಪಾಲು ಮನುಷ್ಯನಿಗೆ ಮಾತ್ರ ದೋಷಗಳು. ಹರಿದ ಸೀಟು, ಹಾಡದ ಸ್ಟೀರಿಯೋ, ಬಿಸಿಲಿಗೆ ಬಿಳಿಚಿಕೊಂಡ ಬಣ್ಣ, ಇವುಗಳಿಗಾಗಿ ನಾಯಿಯು ಒಂದು ಕಾಸನ್ನೂ ಕಡಿಮೆ ಕೇಳದು, ನಾವು ಕೇಳಬಹುದು. ಅದಕ್ಕೆ ಬೇಕಾದುದು ಮುದಿಗಾಲಿಗೂ ಎಟಕುವ ತಗ್ಗಾದ ನೆಲ, ಹಿಂದಿನ ಆಸನವನ್ನು ತೆಗೆದರೆ ಮೈಚಾಚಲು ಸಾಲುವ ಸಮತಟ್ಟು, ಸಂತೆಬೀದಿಯಲ್ಲಿ ಸೈಕಲ್ಲಿನವನಿಗೆ ಬಡಿಯದಂತೆ ಪಕ್ಕಕ್ಕೆ ಸರಿಯುವ ಬಾಗಿಲು, ಎಲ್ಲಕ್ಕಿಂತ ಮೇಲಾಗಿ ಗಾಳಿ. ನಾಯಿಯು ನಮ್ಮಂತೆ ಮೈಯೆಲ್ಲ ಬೆವರುವ ಪ್ರಾಣಿಯಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟೇ ತನ್ನ ಒಡಲ ತಾಪವನ್ನು ಕಳೆದುಕೊಳ್ಳಬೇಕು. ಆದುದರಿಂದ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ ಅದನ್ನು ಕಾಫಿ ಕುಡಿದು ಬರುವಷ್ಟು ಹೊತ್ತು ಸಹ ಬಿಡತಕ್ಕದ್ದಲ್ಲ, ಪ್ರಾಣವೇ ಹೋದೀತು. ಇಲ್ಲಿ ಅಣಕವಿಲ್ಲ.

ಪ್ರಮಾಣಗಳು ನಾಲ್ಕೆಂದು ನೈಯಾಯಿಕರು ಹೇಳುವರಷ್ಟೆ. ಇವುಗಳಲ್ಲಿ ಶಬ್ದಪ್ರಮಾಣವು ಆಪ್ತವಾಕ್ಯವಾಗಿರತಕ್ಕದ್ದು. ಬ್ರೋಕರನ ವಾಕ್ಯವೋ ಆಪ್ತವಾಗಿ ಕೇಳಿಸುವುದೇ ಹೊರತು ಆಪ್ತವಾಕ್ಯವಲ್ಲ. 'ಡಾಕ್ಟರು ಇಟ್ಟಿದ್ದ ಗಾಡಿ ಸಾರ್, ಸಿಂಗಲ್ ಓನರ್, ಒಂದು ರೂಪಾಯಿ ಖರ್ಚಿಲ್ಲ, ಹತ್ತಿ ಓಡಿಸೋದೇ' ಎಂಬ ಮಂತ್ರವನ್ನು ನಾನು ಮೂರು ಊರುಗಳಲ್ಲಿ ಸ್ವರವ್ಯತ್ಯಾಸವಿಲ್ಲದೆ ಕೇಳಿದ್ದೇನೆ. ಈ ನಾಡಿನ ವೈದ್ಯರೆಲ್ಲರೂ ಒಂದೊಂದು ವ್ಯಾನನ್ನು ಕೊಂಡು, ಅದನ್ನು ಓಡಿಸದೆ, ಒರೆಸುತ್ತ ಕುಳಿತಿದ್ದರೆಂದು ನಂಬಬೇಕಾಗುವುದು.

ಪ್ರತ್ಯಕ್ಷವು ಇದಕ್ಕಿಂತ ಮೇಲು. ಕಿಸೆಯಲ್ಲಿ ಒಂದು ಸಣ್ಣ ಅಯಸ್ಕಾಂತವಿದ್ದರೆ ಸಾಕು: ತಗಡು ಇರುವಲ್ಲಿ ಅದು ಅಂಟುವುದು, ಪುಟ್ಟಿ ಮೆತ್ತಿ ಬಣ್ಣ ಹೊಡೆದಲ್ಲಿ ವಿರಕ್ತನಂತೆ ಜಾರಿ ಬೀಳುವುದು. ಕಾಲುಚಾಪೆಯನ್ನು ಎತ್ತಿ ತುಕ್ಕನ್ನು ನೋಡಬೇಕು. ಕರಾವಳಿಯಿಂದ ಬಂದ ಗಾಡಿಯಾದರೆ ಉಪ್ಪುಗಾಳಿಯ ನೆನಪಿನಿಂದ ಎರಡು ಬಾರಿ ನೋಡಬೇಕು. ಮೀಟರು ಮೂವತ್ತು ಸಾವಿರ ಕಿಲೋಮೀಟರೆಂದು ಹೇಳುತ್ತಿರುವಾಗ ಕ್ಲಚ್ಚಿನ ಪೆಡಲಿನ ರಬ್ಬರು ಸವೆದು ಕನ್ನಡಿಯಾಗಿದ್ದರೆ ರಬ್ಬರನ್ನೇ ನಂಬತಕ್ಕದ್ದು.

ಅನುಮಾನಪ್ರಮಾಣಕ್ಕಂತೂ ಈ ಕ್ಷೇತ್ರವು ಸಾಕ್ಷಾತ್ ತೌರುಮನೆ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸಿ ಶತಮಾನಗಳ ಕಾಲ ತೃಪ್ತರಾಗಿದ್ದ ತಾರ್ಕಿಕರು ಹೊಗೆಯ ಬಣ್ಣವನ್ನು ವಿಚಾರಿಸದೆ ಹೋದದ್ದು ಆಶ್ಚರ್ಯ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲು ಉರಿಯುತ್ತಿದೆ. ಕಪ್ಪು ಬಂದರೆ ಪೆಟ್ರೋಲು ಮಿತಿಮೀರಿ ಹರಿಯುತ್ತಿದೆ. ಎಂಜಿನ್ನು ಕಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಹೋಗಬಾರದ ಕಡೆ ಹೋಗುತ್ತಿದೆ. ಮಾರುವವನು ನೀವು ಬರುವ ಮೊದಲೇ ಎಂಜಿನ್ನನ್ನು ಬಿಸಿ ಮಾಡಿಟ್ಟಿದ್ದರೆ ಅದೂ ಒಂದು ಅನುಮಾನಕ್ಕೆ ಹೇತು.

ಉಪಮಾನಕ್ಕೆ ಇಲ್ಲಿ ಕೆಲಸ ಕಡಿಮೆ. ಗವಯವು ಹಸುವಿನಂತಿರುವುದೆಂಬ ಹಾಗೆ, 2010ರ ಈಕೋ 2001ರ ವರ್ಸಾದಂತಿರುವುದೆಂದು ಹೇಳಿ ಮುಂದೆ ಹೋಗಬಹುದು. ಹಣ ಸ್ವಲ್ಪ ಹೆಚ್ಚಿದ್ದವರು ಈಕೋ ಕೊಳ್ಳಲಿ. ಅದೂ ಇದೇ ಕುಲದ ಗಾಡಿ, ಎಂಜಿನ್ನು ದೊಡ್ಡದು. ಕಾಗದಪತ್ರಗಳ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು: ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುವುದರಿಂದ ಆರ್.ಸಿ.ಯ ತಾರೀಖನ್ನೂ, ಹಳೆಯ ಸಾಲ ತೀರಿದೆಯೇ ಎಂಬುದನ್ನೂ ನೋಡಿ, 29 ಮತ್ತು 30ನೆಯ ನಮೂನೆಗಳಿಗೆ ಸಹಿ ಬಿದ್ದ ಮೇಲೆಯೇ ಪೂರ್ತಿ ಹಣ ಕೊಡತಕ್ಕದ್ದು.

ಈ ನಾಲ್ಕು ಪ್ರಮಾಣಗಳಿಂದ ಸನ್ನದ್ಧನಾಗಿ, ಒಂಬತ್ತು ವರ್ಷದ ಮುಧೋಳ ಜಾತಿಯ ಭೀಮನನ್ನೂ, ಜಾತಿಯ ಹಂಗಿಲ್ಲದ ಬೀದಿಯ ಚಿನ್ನಿಯನ್ನೂ ಕರೆದುಕೊಂಡು, ಮೈಸೂರಿನ ಹೊರವಲಯದ ಒಂದು ಅಂಗಳಕ್ಕೆ ನಾನು ಹೋದೆನು. ಮೂರು ವ್ಯಾನುಗಳಿದ್ದವು. ಮೊದಲನೆಯದು ನನ್ನ ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಯಿತು. ಭೀಮನು ಅದರ ಚಕ್ರದ ಮೇಲೆ ತನ್ನ ಅಭಿಪ್ರಾಯವನ್ನು ಬರೆದು ಮುಂದೆ ನಡೆದನು. ಎರಡನೆಯದರ ಬಳಿ ನಿಲ್ಲಲೇ ಇಲ್ಲ. ಮೂಲೆಯಲ್ಲಿದ್ದ, ಬಾಗಿಲ ಬಣ್ಣ ಒಂದಾದರೆ ಮೈಬಣ್ಣ ಇನ್ನೊಂದಾಗಿದ್ದ ಓಮ್ನಿಯೊಳಕ್ಕೆ ಇಬ್ಬರೂ ಕರೆಯದೆಯೇ ಹತ್ತಿ, ಮೂಗನ್ನು ನೆಲಕ್ಕೂರಿ, ಸಮಾಧಿಸ್ಥರಾದರು.

'ಹೂವು ಸಾಗಿಸ್ತಿದ್ದ ಗಾಡಿ ಸಾರ್' ಎಂದನು ಬ್ರೋಕರು.

ಶಬ್ದಪ್ರಮಾಣವು ಇಷ್ಟು ಬೇಗನೆ ಖಂಡಿತವಾದುದನ್ನು ನಾನು ಯಾವ ವಾದಗ್ರಂಥದಲ್ಲಿಯೂ ಓದಿಲ್ಲ. ನಾನೂ ಬಗ್ಗಿ ಮೂಸಿದೆನು. ಹಲವು ವರ್ಷಗಳ ಬಂಗುಡೆಯೂ ಭೂತಾಯಿಯೂ ಅಲ್ಲಿ ವಾಸವಾಗಿದ್ದವು. ಎಪ್ಪತ್ತೆರಡು ಸಾವಿರವೆಂದಿದ್ದ ಬೆಲೆಯು ಈ ಐದನೆಯ ಪ್ರಮಾಣದ ಬಲದಿಂದ ಐವತ್ತೆಂಟಕ್ಕೆ ಇಳಿಯಿತು. ಹೊಗೆ, ಬ್ರೇಕು, ಆರ್.ಸಿ. ಎಲ್ಲವೂ ಸರಿಯಿದ್ದವು; ತುಕ್ಕನ್ನು ಕೆರೆಸಿ ನೆಲಕ್ಕೆ ಹೊಸ ತಗಡು ಹಾಕಿಸಲು ಮಿಕ್ಕ ಹಣವೇ ಸಾಕಾಯಿತು.

ಈಗ ಭಾನುವಾರಗಳಲ್ಲಿ ನಾವು ಕರಿಘಟ್ಟದ ಬುಡಕ್ಕೆ ಹೋಗಿ, ಲೋಕಪಾವನಿಯ ದಡದಲ್ಲಿ ಬುತ್ತಿ ಬಿಚ್ಚಿ, ಬಿಸಿಲೇರುವ ಮೊದಲೇ ನೆರಳು ಹಿಡಿಯುತ್ತೇವೆ. ನನ್ನ ಮನೆಯವರು ಇನ್ನೂ ಬಸ್ಸಿನಲ್ಲಿಯೇ ಬರುತ್ತಾರೆ. ಒಂದೇ ಕೊರತೆಯೆಂದರೆ, ಎಡಗಡೆಯ ಕಿಟಕಿಯ ರಬ್ಬರ್ ಬೀಡಿಂಗನ್ನು ಪ್ರಮಾಣಪುರುಷನಾದ ಭೀಮನು ಕಳೆದ ತಿಂಗಳು ಭಕ್ಷಿಸಿಬಿಟ್ಟಿದ್ದು, ಮಳೆಗಾಲ ಸಮೀಪಿಸುತ್ತಿದೆ. ವಾಚಕರಲ್ಲಿ ಯಾರ ಬಳಿಯಾದರೂ ಹಳೆಯ ಓಮ್ನಿಯ ಬೀಡಿಂಗು ಇದ್ದಲ್ಲಿ ದಯವಿಟ್ಟು ತಿಳಿಸಬೇಕು; ಎರಡಿದ್ದರೆ ಎರಡನ್ನೂ ಕೊಳ್ಳಲಾಗುವುದು.