ಎತ್ತರದಿಂದ ಸುರಿದ ಹುಳಿ

ವೈನ್ ಬಲ್ಲವರ ಪಕ್ಕ ಕೂತು ವೈನ್ ಕುಡಿಯುವುದೆಂದರೆ ಸಂಗೀತ ಬಲ್ಲವರ ಪಕ್ಕ ಕೂತು ಕಛೇರಿ ಕೇಳಿದಂತೆ; ತಲೆದೂಗುವ ಮುಂಚೆ ಅವರ ಮುಖ ಒಮ್ಮೆ ನೋಡಿಕೊಳ್ಳಬೇಕು. ನನ್ನ ಷಡ್ಡಕರು ಅಂಥ ಬಲ್ಲವರು. ಕೆಲಸದ ಮೇಲೆ ಸ್ಪೇನಿನ ಸಾನ್ ಸೆಬಾಸ್ಟಿಯನ್‌ನಲ್ಲಿ ನೆಲೆಸಿದ ಮೇಲೆ ಅವರಿಗೆ ಅಲ್ಲಿಯ ಭಾಷೆ ಎಷ್ಟು ಬಂತೋ ಗೊತ್ತಿಲ್ಲ, ನಾಲಗೆಯಂತೂ ಪಳಗಿತು. ನಾವು ಹೋದ ದಿನ ನಾದಿನಿ ನೀರುದೋಸೆಗೆ ಅಕ್ಕಿ ರುಬ್ಬಿಟ್ಟಿದ್ದಳು. ಇವರು ನೋಟ್‌ಬುಕ್ಕಿಗೆ ಗೆರೆ ಹಾಕಿಟ್ಟಿದ್ದರು. ಬಣ್ಣ, ವಾಸನೆ, ಹುಳಿ, ಗುಳ್ಳೆ, ನುಂಗಿದ ಮೇಲೆ ರುಚಿ ಉಳಿಯುವ ಸೆಕೆಂಡು ಎಂದು ಒಂದೊಂದಕ್ಕೂ ಒಂದು ಅಂಕಣ. ಒಟ್ಟು 20 ಅಂಕ.

"ಭಾವ, ಈ ಸಲ ಬರೀ ಚಾಕೊಲಿ. ಬೇರೆ ಏನೂ ಬೇಡ" ಎಂದರು.

ಚಾಕೊಲಿ ಬಾಸ್ಕ್ ನಾಡಿನ ಬಿಳಿ ವೈನು. ತೆಳುವಾಗಿರುತ್ತದೆ, ಚುರುಕು ಹುಳಿ, ಜೊತೆಗೆ ಇಷ್ಟೇ ಇಷ್ಟು ಗುಳ್ಳೆ. ಮದ್ಯಸಾರ ಶೇಕಡ 11ರ ಆಸುಪಾಸು. ಹಿಂದೆ ರೈತರು ತಮ್ಮ ಮನೆಯ ಮಟ್ಟಿಗೆ ಮಾಡಿಕೊಳ್ಳುತ್ತಿದ್ದದ್ದು. ಹೊರಗಿನವರು ಬಾಯಿಗಿಟ್ಟು ಮುಖ ಕಿವುಚುತ್ತಿದ್ದದ್ದು. 1989ರಲ್ಲಿ ಗೆತಾರಿಯಾ ಕಡೆಯ ಚಾಕೊಲಿಗೆ ನಮ್ಮ ಭೌಗೋಳಿಕ ಸೂಚಕದಂಥ ಮುದ್ರೆ ಬಿದ್ದಾಗ ಅಲ್ಲಿ 100 ಹೆಕ್ಟೇರ್ ದ್ರಾಕ್ಷಿಯೂ ಇರಲಿಲ್ಲ. ಈಗ 400 ದಾಟಿದೆ. ಅವರಿಗೆ ಸಿಕ್ಕಿದ್ದು ನಮಗೇಕಿಲ್ಲ ಎಂದು ಪಕ್ಕದ ಬಿಸ್ಕಾಯಾ 1994ರಲ್ಲಿ ತನ್ನದೇ ಮುದ್ರೆ ಪಡೆಯಿತು, 2001ರಲ್ಲಿ ಆಲಾವಾ. ಮೂರು ಪ್ರಾಂತ್ಯ, ಮೂರು ಮುದ್ರೆ. ಹೋಲಿಸಿ ನೋಡುವ ಚಟದವರಿಗೆ ಇದಕ್ಕಿಂತ ಇನ್ನೇನು ಬೇಕು?

ಮೊದಲು ಗೆತಾರಿಯಾಕ್ಕೇ ಹೋದೆವು. ಸಮುದ್ರಕ್ಕೆ ಚಾಚಿಕೊಂಡ ಪುಟ್ಟ ಊರು. ತುದಿಯಲ್ಲೊಂದು ಗುಡ್ಡ, ಅದಕ್ಕೆ ಇಲಿ ಎಂದೇ ಅಡ್ಡಹೆಸರು. ಮೆಗೆಲ್ಲನ್ ದಾರಿಯಲ್ಲೇ ಸತ್ತ ಮೇಲೆ ಉಳಿದ ಹಡಗನ್ನು 1522ರಲ್ಲಿ ದಡ ಮುಟ್ಟಿಸಿ ಭೂಮಿಯ ಸುತ್ತು ಪೂರೈಸಿದ ಎಲ್ಕಾನೊ ಇದೇ ಊರಿನವನು. ಊರಿನ ಮಗ ಲೋಕವನ್ನೇ ಸುತ್ತಿ ಬಂದ. ಊರಿನ ವೈನು ಮಾತ್ರ ಮೊನ್ನೆಮೊನ್ನೆಯವರೆಗೆ ಘಟ್ಟ ದಾಟಿರಲಿಲ್ಲ.

ತೋಟಗಳು ಇಳಿಜಾರಿನಲ್ಲಿ, ಕಡಲಿಗೆ ಮುಖಮಾಡಿ. ಬಳ್ಳಿಯನ್ನು ಆಳೆತ್ತರದ ಚಪ್ಪರಕ್ಕೆ ಹಬ್ಬಿಸುತ್ತಾರೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಬೆಂಗಳೂರು ನೀಲಿ ದ್ರಾಕ್ಷಿಗೆ ಹಾಕುವುದೂ ಚಪ್ಪರವೇ ಆದ್ದರಿಂದ ಅಲ್ಲಿ ಬಗ್ಗಿ ನಡೆಯುವಾಗ ನನಗೆ ಪರದೇಶವೆನಿಸಲಿಲ್ಲ. ವರ್ಷಕ್ಕೆ 1500 ಮಿಲಿಮೀಟರ್ ಮೀರಿ ಮಳೆ ಬೀಳುವ ಜಾಗ. ಗೊಂಚಲು ನೆಲದ ತೇವಕ್ಕೆ ಹತ್ತಿರವಿದ್ದರೆ ಬೂಷ್ಟು ಹಿಡಿಯುತ್ತದೆ. ಮೇಲೆ ತೂಗಿದರೆ ಅಡಿಯಲ್ಲಿ ಗಾಳಿಯಾಡುತ್ತದೆ. ಬಿಸಿಲು ಕಡಿಮೆಯಾದ್ದರಿಂದ ಸಕ್ಕರೆ ಸಾವಕಾಶವಾಗಿ ಏರುತ್ತದೆ, ಹುಳಿ ಇಳಿಯುವುದೇ ಇಲ್ಲ. ಆ ವೈನಿನ ಸ್ವಭಾವವೆಲ್ಲ ಮಳೆ ಕೊಟ್ಟದ್ದು. ಬಿಳಿ ದ್ರಾಕ್ಷಿಯ ಹೆಸರು ಒಂದರ್ರಾಬಿ ಸುರಿ. ಡಿಎನ್‌ಎ ಪರೀಕ್ಷಿಸಿದವರು ಈ ಒಂದೇ ಹೆಸರಿನಡಿ ಬೇರೆಬೇರೆ ತಳಿಗಳು ಅಡಗಿವೆ ಎಂದು ಕಂಡುಕೊಂಡಿದ್ದಾರೆ. ಷಡ್ಡಕರಿಗೆ ಇದು ಸ್ವಲ್ಪ ಬೇಸರದ ವಿಷಯ. ತಳಿಗೂ ಒಂದು ಅಂಕಣ ಹಾಕಿದ್ದರು.

ಗುಳ್ಳೆಯ ವಿಚಾರಕ್ಕೆ ಬಂದರೆ, ಶಾಂಪೇನಿನಂತೆ ಬಾಟಲಿಯೊಳಗೆ ಎರಡನೇ ಸಲ ಹುದುಗು ಬರಿಸುವ ಕಾರುಬಾರು ಇಲ್ಲಿಲ್ಲ. ಹುದುಗು ಬರುವಾಗ ಹುಟ್ಟಿದ ಅನಿಲವನ್ನೇ ಮುಚ್ಚಿದ ತಣ್ಣನೆಯ ಸ್ಟೀಲ್ ತೊಟ್ಟಿಯಲ್ಲಿ ಹಿಡಿದಿಟ್ಟು, ಅದು ಹಾರಿಹೋಗುವ ಮುಂಚೆ ಬಾಟಲಿಗೆ ತುಂಬುತ್ತಾರೆ. ಹೀಗೆ ಸಿಕ್ಕಿಬಿದ್ದ ಅನಿಲ ಬಾಟಲಿಯಲ್ಲಿ ತೂಕಡಿಸುತ್ತಿರುತ್ತದೆ. ಅದನ್ನು ಎಬ್ಬಿಸುವುದು ಬಾರಿನವನ ಕೆಲಸ.

ಆ ಬಾರಿನವನನ್ನು ನೋಡಬೇಕು. ಬಾಟಲಿಯ ಬಾಯಿಗೆ ಸಣ್ಣ ಮೂತಿಯ ಬಿರಡೆ. ಎಡಗೈಯಲ್ಲಿ ಅಗಲ ಬಾಯಿಯ ತೆಳು ಗಾಜಿನ ಲೋಟ, ಸೊಂಟದ ಮಟ್ಟದಲ್ಲಿ. ಬಲಗೈಯ ಬಾಟಲಿ ತಲೆಯ ಮೇಲೆ. ದಾರದಂಥ ಧಾರೆ ಲೋಟದ ಒಳಗೋಡೆಗೆ ಬಡಿದು ಬಿಳಿ ನೊರೆಯೇಳುತ್ತದೆ. ಅವನು ಲೋಟ ನೋಡುವುದೇ ಇಲ್ಲ. ಬಾಗಿಲಲ್ಲಿ ನಿಂತ ಗೆಳೆಯನೊಡನೆ ಮಾತಾಡುತ್ತಾ ಎರಡು ಬೆರಳಿನಷ್ಟು ಬೀಳುತ್ತಲೇ ಕೈ ತಿರುವುತ್ತಾನೆ. ಹೊರಗೆ ಬಿದ್ದದ್ದು ನಾಲ್ಕು ಹನಿ. ನಮ್ಮ ಷಡ್ಡಕರು ಇದನ್ನು ಮನೆಯ ಸಿಂಕಿನ ಮೇಲೆ ಅಭ್ಯಾಸ ಮಾಡುತ್ತಾರೆ. ನಾದಿನಿ ಒರೆಸುವ ಬಟ್ಟೆಯನ್ನು ಮುಂಚಿತವಾಗಿಯೇ ಅವರ ಹೆಗಲಿಗೆ ಹಾಕಿ ಆಚೆ ಹೋಗುತ್ತಾಳೆ.

ಎರಡೇ ಬೆರಳು ಏಕೆಂದರೆ ನೊರೆ ಆರುವ ಮುಂಚೆ ಮುಗಿಸಬೇಕು. ಹಸಿರು ಸೇಬು, ನಿಂಬೆ ಸಿಪ್ಪೆ, ಕೊನೆಗೊಂದಿಷ್ಟು ಉಪ್ಪು; ಎಲ್ಲ ಒಟ್ಟಿಗೇ ಬಂದು ಒಟ್ಟಿಗೇ ಹೋಗುತ್ತವೆ. ಷಡ್ಡಕರು ಲೋಟವನ್ನು ಬೆಳಕಿಗೆ ಹಿಡಿದು, ಮೂಸಿ, ಬರೆದು, ಕೈಗಡಿಯಾರ ನೋಡುವ ಹೊತ್ತಿಗೆ ಗುಳ್ಳೆ ಸತ್ತಿರುತ್ತಿತ್ತು. ಪಾಪದ ವೈನಿಗೆ ಆ ಅಂಕಣದಲ್ಲಿ ಎರಡೋ ಮೂರೋ ಅಂಕ. ನಾನು ಗಟಗಟ ಕುಡಿದು "ಚೆನ್ನಾಗಿದೆ" ಎಂದರೆ, "ಅದು ಅಭಿಪ್ರಾಯವಲ್ಲ ಭಾವ" ಎನ್ನುತ್ತಿದ್ದರು.

ಬಿಸ್ಕಾಯಾದ ಚಾಕೊಲಿಗೆ ಬಾಕಿಯೋ ಊರಿಗೆ ಹೋದೆವು. ಇಲ್ಲಿ ಕಥೆಯೇ ಬೇರೆ. ಗುಳ್ಳೆ ಕಡಿಮೆ, ಮೈ ದಪ್ಪ. ಕೆಲವರು ತಿಂಗಳುಗಟ್ಟಲೆ ಗಸಿಯ ಮೇಲೇ ಬಿಟ್ಟು ಮಾಗಿಸುತ್ತಾರೆ. ಎತ್ತರದಿಂದ ಸುರಿಯುವ ಆಟವಿಲ್ಲ. ಕಾಲಿರುವ ಲೋಟದಲ್ಲಿ ಮರ್ಯಾದೆಯಿಂದ ಬರುತ್ತದೆ. ಷಡ್ಡಕರ ಮುಖ ಅರಳಿತು, ಅಂಕಣಗಳೂ ತುಂಬಿದವು, 20ಕ್ಕೆ 17. ವೈನ್ ಒಳ್ಳೆಯದೇ, ಸುಳ್ಳು ಹೇಳಬಾರದು. ಆದರೆ ಅಷ್ಟು ಗಂಭೀರವಾಗಬೇಕಿದ್ದರೆ ಅದು ಬೇರೆ ವೈನಾಗಿಯೇ ಹುಟ್ಟಬಹುದಿತ್ತಲ್ಲ ಎಂದು ನನಗನಿಸಿತು. ಆಲಾವಾದ್ದು ಒಳನಾಡಿನದು, ಅದನ್ನು ಅಂಗಡಿಯಿಂದ ತಂದು ಮನೆಯಲ್ಲಿ ಕುಡಿದೆವು. ಚೆನ್ನಾಗಿತ್ತು. (ಇದೂ ಅಭಿಪ್ರಾಯವಲ್ಲ.)

ನಿಜವಾದ ಜಗಳ ಎದ್ದದ್ದು ಸಾನ್ ಸೆಬಾಸ್ಟಿಯನ್ನಿನ ಹಳೇಪೇಟೆಯ ಬಾರಿನಲ್ಲಿ, ಗಿಲ್ಡಾ ಎಂಬ ತಿನಿಸಿನಿಂದ. ಹಲ್ಲುಕಡ್ಡಿಗೆ ಒಂದು ಹಸಿರು ಆಲಿವ್, ಉಪ್ಪು ಹಾಕಿಟ್ಟ ಆಂಚೊವಿ ಮೀನು, ಉಪ್ಪಿನಕಾಯಿ ಹಾಕಿದ ಎಳೆ ಮೆಣಸಿನಕಾಯಿ ಚುಚ್ಚಿರುತ್ತಾರೆ. 1946ರಲ್ಲಿ ರೀಟಾ ಹೇವರ್ತ್ ನಟಿಸಿದ ಚಿತ್ರದ ಹೆಸರನ್ನೇ ಇಟ್ಟಿದ್ದಾರೆ. ನನ್ನ ಹೆಂಡತಿ ಒಂದು ಕಡ್ಡಿ ಬಾಯಿಗೆ ಹಾಕಿ, "ಇದಕ್ಕಾ ಖಾರ ಅನ್ನುವುದು?" ಎಂದಳು. ಆದರೆ ಆ ಉಪ್ಪು, ಎಣ್ಣೆ, ಮೀನಿನ ಮೇಲೆ ಗೆತಾರಿಯಾದ ತೆಳು ಹುಳಿ ಬಿದ್ದಾಗ ಬಾಯಿ ತೊಳೆದಿಟ್ಟಂತಾಗಿ ಮುಂದಿನ ಕಡ್ಡಿಗೆ ಕೈ ತಾನಾಗಿಯೇ ಹೋಯಿತು. 17 ಅಂಕದ್ದನ್ನೂ ತರಿಸಿದೆವು. ಆಂಚೊವಿಯ ಮುಂದೆ ಅದು ಭಾರವಾಯಿತು. ನಾನು ಹಾಗೆಂದೆ, ಹೆಂಡತಿಯೂ ಹೌದೆಂದಳು. ಷಡ್ಡಕರು, "ತಿಂಡಿಯ ಜೊತೆ ಅಂಕ ಕೊಡುವ ಪದ್ಧತಿಯಿಲ್ಲ" ಎಂದರು. ತಿಂಡಿಯಿಲ್ಲದೆ ಚಾಕೊಲಿ ಕುಡಿಯುವ ಪದ್ಧತಿ ಆ ಬಾರಿನಲ್ಲಿ ಇನ್ಯಾರಿಗೂ ಇದ್ದಂತೆ ಕಾಣಲಿಲ್ಲ.

ತೀರ್ಪು ಕೊನೆಗೆ ಅಡುಗೆಮನೆಯಲ್ಲಿ ಆಯಿತು. ಆ ಊರಿನವರು ಹೇಕ್ ಮೀನನ್ನು ಬೆಳ್ಳುಳ್ಳಿ, ಪಾರ್ಸ್ಲಿ ಹಾಕಿದ ಹಸಿರು ಗೊಜ್ಜಿನಲ್ಲಿ ಬೇಯಿಸುವಾಗ ಒಂದಿಷ್ಟು ಚಾಕೊಲಿ ಸುರಿಯುತ್ತಾರೆ. ನಾದಿನಿ ಅದನ್ನು ಕಲಿತಿದ್ದಾಳೆ. ಮರುದಿನ ಮೀನು ತಂದವಳು ಫ್ರಿಜ್ಜಿನಲ್ಲಿದ್ದ ಎರಡು ಅರ್ಧ ಬಾಟಲಿಗಳಲ್ಲಿ ದುಬಾರಿಯದನ್ನೇ ಎತ್ತಿ ಬಾಣಲೆಗೆ ಬಗ್ಗಿಸಿದಳು.

"ಅಯ್ಯೋ, ಅದು ಹದಿನೇಳರದ್ದು!" ಎಂದು ಷಡ್ಡಕರು ಓಡಿಬಂದರು.

"ಗೊತ್ತು ಬಿಡಿ" ಎಂದಳು. "ಇನ್ನೊಂದನ್ನು ಕುಡಿಯೋದಕ್ಕೆ ಇಟ್ಟಿದ್ದೀನಿ."