ಹೊಳೆದಂಡೆಯ ಸ್ವಾಮ್ಯಮೀಮಾಂಸೆ

ಭೂಸ್ವಾಮ್ಯವು ಕ್ರಯಪತ್ರದಿಂದ ಉತ್ಪನ್ನವಾಗುವುದೆಂದು ವಕೀಲಮಹಾಶಯರು ಪ್ರತಿಪಾದಿಸುವರಾದರೂ, ತೀರ್ಥಹಳ್ಳಿ, ಹರಿಹರ, ನಂಜನಗೂಡುಗಳಂಥ ನದೀತೀರದ ಪಟ್ಟಣಗಳಲ್ಲಿ ಸಂಚರಿಸಿದ ಜಿಜ್ಞಾಸುವಿಗೆ ಅದು ತಗಡಿನ ಶೀಟಿನಿಂದ ಉತ್ಪನ್ನವಾಗುವುದು ಪ್ರತ್ಯಕ್ಷಪ್ರಮಾಣದಿಂದಲೇ ಸಿದ್ಧವಾಗುತ್ತದೆ. ಮೊದಲು ನಾಲ್ಕು ಗಳುಗಳ ಮೇಲೊಂದು ಶೀಟು, ಅದರ ಮರೆಯಲ್ಲಿ ಗೋಡೆ, ಗೋಡೆಯ ಮುಂದೆ ತುಳಸಿಕಟ್ಟೆ, ಕಟ್ಟೆಯ ಧೈರ್ಯದ ಮೇಲೆ ವಿದ್ಯುತ್ ಮೀಟರು. ಈ ಅವಸ್ಥಾಚತುಷ್ಟಯವನ್ನು ದಾಟಿದ ಭೂಮಿಯನ್ನು ಇನ್ನೂ 'ಬಿ' ಖರಾಬೆಂದು, ಎಂದರೆ ಸಾರ್ವಜನಿಕರ ಉಪಯೋಗಕ್ಕೆ ಮೀಸಲಾದುದೆಂದು, ಕರೆಯುವ ಧಾರ್ಷ್ಟ್ಯ ಪಹಣಿಯೊಂದಕ್ಕೇ ಉಂಟು.

ಚಕ್ಕುಬಂದಿಯ ವಿಚಾರವು ಇನ್ನೂ ಗಹನವಾದುದು. 'ಪೂರ್ವಕ್ಕೆ ಹೊಳೆ' ಎಂದು ಬರೆಸಿಕೊಂಡವನ ನಿವೇಶನವು ವೈಶಾಖದಲ್ಲಿ ನೀರಿಳಿದಂತೆಲ್ಲ ಪೂರ್ವಾಭಿಮುಖವಾಗಿ ವರ್ಧಿಸಿ ಬಚ್ಚಲು, ದನದ ಕೊಟ್ಟಿಗೆ, ಬಾಡಿಗೆಯ ಎರಡು ಕೋಣೆಗಳನ್ನು ಪಡೆಯುತ್ತದೆ. ಶ್ರಾವಣದಲ್ಲಿ ಹೊಳೆಯೇ ಅಡುಗೆಮನೆಗೆ ದಯಮಾಡಿಸಿ ತನ್ನ ಮೋಜಣಿಯನ್ನು ತಾನೇ ನಡೆಸುತ್ತದೆ.

ಈ ವಿಷಯದಲ್ಲಿ 1964ರ ಭೂಕಂದಾಯ ಅಧಿನಿಯಮವು ವಾಚಾಲವಾಗಿದೆ. ಅದರ 192ಎ ಪ್ರಕರಣದ ಮೇರೆಗೆ ಸರ್ಕಾರಿ ಭೂಮಿಯ ಒತ್ತುವರಿ ದಂಡಾರ್ಹವಾದ ಅಪರಾಧ; 94ಸಿ ಪ್ರಕರಣವು ಹಳ್ಳಿಯಲ್ಲಿಯೂ 94ಸಿಸಿ ಪಟ್ಟಣದಲ್ಲಿಯೂ ಅಂಥ ಭೂಮಿಯ ಮೇಲೆ ಕಟ್ಟಿದ ಮನೆಯನ್ನು ಸಕ್ರಮಗೊಳಿಸುವ ಅನುಗ್ರಹವನ್ನು ತೋರುತ್ತವೆ. ಅನುಗ್ರಹಾಕಾಂಕ್ಷಿಯು ಗೊತ್ತುಪಡಿಸಿದ ದಿನಾಂಕಕ್ಕೆ ಮೊದಲೇ ಮನೆ ಕಟ್ಟಿದ್ದುದನ್ನು ದಾಖಲೆಯಿಂದ ಸಾಧಿಸಬೇಕು; ಆದುದರಿಂದ, ಮಿಕ್ಕೆಲ್ಲ ಆರೋಪಿಗಳು ತಮ್ಮ ಅಪರಾಧವನ್ನು ಅಲ್ಲಗಳೆಯುತ್ತಿರುವಾಗ, ಇವನೊಬ್ಬನು ತನ್ನದರ ಪ್ರಾಚೀನತೆಗೆ ಮೀಟರಿನ ಬಿಲ್ಲನ್ನೂ ಮನೆಗಂದಾಯದ ರಸೀದಿಯನ್ನೂ ಸಾಕ್ಷಿ ನಿಲ್ಲಿಸಿ ತಾಲ್ಲೂಕು ಕಚೇರಿಯ ಮೊಗಸಾಲೆಯಲ್ಲಿ ಸರದಿ ಕಾಯುತ್ತಾನೆ. ಮೂರು ತಲೆಮಾರಿನಿಂದ ಬಲೆ ಒಣಗಿಸಿಕೊಂಡು ಬಂದ ಬೆಸ್ತನ ಬಳಿ ಬಿಲ್ಲೂ ಇಲ್ಲ, ರಸೀದಿಯೂ ಇಲ್ಲ; ಅವನ ಮಗ್ಗುಲಲ್ಲಿ ಮೊನ್ನೆ ತಲೆಯೆತ್ತಿದ ವಸತಿಗೃಹದ ಯಜಮಾನರಲ್ಲಿ ಇವೆರಡೂ ಇರುವುದಲ್ಲದೆ ಗುಡಿಸಲಿನ ಕಾಲದ ಒಂದು ಮಹಜರೂ ಇರುತ್ತದೆ. ಪ್ರಾಚೀನತೆಯೂ ಸಂಪಾದನೆಯ ವಸ್ತುವೆಂಬ ಈ ಸಿದ್ಧಾಂತವನ್ನು ಪ್ರಬಂಧಕಾರನು ಮೆಚ್ಚಲಾರ.

ನಗರಗಳ ಕಟ್ಟಡಗಳಿಗೆಂದು 2014ರಲ್ಲಿ ರಚಿತವಾದ ಅಕ್ರಮ-ಸಕ್ರಮ ನಿಯಮಗಳಿಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ಕೊಟ್ಟಿತು. ಹೊಳೆಗೆ ಇದಾವುದೂ ಬಾಧಕವಲ್ಲ. 1963ರ ಕಾಲಮಿತಿ ಕಾಯ್ದೆಯು ಸ್ವತ್ತನ್ನು ಮರಳಿ ಕೇಳಲು ಖಾಸಗಿಯವರಿಗೆ 12 ವರ್ಷವನ್ನೂ ಸರ್ಕಾರಕ್ಕೆ 30 ವರ್ಷವನ್ನೂ ಗೊತ್ತುಮಾಡಿದೆಯಾದರೂ, ನದಿಯು ನೋಟೀಸಿಲ್ಲದೆ ಎಂದಾದರೂ ಬಂದು ಸ್ವಾಧೀನಪಡೆಯಬಲ್ಲುದು. ಆದಕಾರಣ ಹೊಳೆದಂಡೆಯಲ್ಲಿ ನಿವೇಶನ ಕೊಳ್ಳಲಿಚ್ಛಿಸುವ ವಾಚಕಮಹಾಶಯರು ಹಕ್ಕುಪತ್ರವನ್ನು ಪರಿಶೀಲಿಸಿದ ಮೇಲೆ, ಪಕ್ಕದ ಮನೆಯ ಗೋಡೆಯ ಮೇಲಿನ ನೆರೆಯ ಗುರುತು ನೆಲದಿಂದ ಎಷ್ಟು ಅಡಿಯಿದೆಯೆಂಬುದನ್ನೂ ಅಳೆದು ನೋಡತಕ್ಕದ್ದು.