ಗುಂಡು ಹಾರಿಸಿ, ಹಾಕಬೇಡಿ

ಅಜ್ಜ: ಪುಟ್ಟಾ, 1944ರ ನಾರ್ಮಂಡಿ ಯುದ್ಧ ಅಂದ್ಯಲ್ಲ, ಟಿವೀಲಿ ಬರೀ ಮಂಜು?

ಪುಟ್ಟ: ಮಂಜಲ್ಲಜ್ಜ, ಬ್ಲರ್ರು. ‘ಎ’ ಸಿನಿಮಾ ಟಿವಿಗೆ ಬರೋಹಾಗಿಲ್ಲ. ಕತ್ತರಿಸಿ ‘ಯು/ಎ’ ಮಾಡಿದಾರೆ.

ಅಜ್ಜ: ಆ ಸೈನಿಕನ ಕಾಲೆಲ್ಲೋ?

ಪುಟ್ಟ: ಕಾಲು ಬಾಂಬಿಗೆ, ಸೀನು ಕತ್ತರಿಗೆ.

ಅಜ್ಜ: ಕೆಳಗೇನೋ ಬರೆದ್ರಲ್ಲ?

ಪುಟ್ಟ: ‘ಧೂಮಪಾನ ಆರೋಗ್ಯಕ್ಕೆ ಹಾನಿಕರ’. ಸೈನಿಕ ಸಿಗರೇಟು ಹಚ್ಚಿದ.

ಅಜ್ಜ: ಪಕ್ಕದಲ್ಲೇ ಫಿರಂಗಿ ಹೊಗೆ ಉಗುಳ್ತಿದೆ?

ಪುಟ್ಟ: ಫಿರಂಗೀಲಿ ತಂಬಾಕಿಲ್ಲಜ್ಜ.

ಅಜ್ಜ: ಬಾಟಲಿ ಮಸುಕು, ಬಂದೂಕು ಸ್ಪಷ್ಟ!

ಪುಟ್ಟ: ಗುಂಡು ಹಾರಿಸ್ಬಹುದು, ಹಾಕಬಾರ್ದು.

(ಮಧ್ಯೆ ಸೋಡಾ ಜಾಹೀರಾತು. ಒಂಚೂರೂ ಮಸುಕಿಲ್ಲ.)

ಅಜ್ಜ: ಸಾಯೋವಾಗ ಅವನು ‘ಕುಂಯ್’ ಅಂದನಲ್ಲೋ?

ಪುಟ್ಟ: ಬೈದಿದ್ದು. ಕೇಳಿದ್ರೆ ಮಕ್ಕಳು ಕೆಡ್ತಾರೆ.

ಅಜ್ಜ: ಸತ್ತಿದ್ದು ನೋಡಿದ್ರೆ?

ಪುಟ್ಟ: ಅದು ಇತಿಹಾಸ, ಪರೀಕ್ಷೆಗೆ ಬರುತ್ತೆ!